ಮುಗಿಯುವ ಮೊದಲೇ ಶಾಲು

ನಮ್ಮ ಅಮೆರಿಕದ ಮಾವ ದೊಡ್ಡ ಸಂಗೀತಗಾರರು. ಪುರಾವೆ ಬೇಕೆ? ಅವರು ರಚಿಸಿದ್ದು ಇದುವರೆಗೆ ಯಾರಿಗೂ ಅರ್ಥವಾಗಿಲ್ಲ! ಅಮೆರಿಕದ ಸಭಾಂಗಣಗಳಲ್ಲಿ ಅರ್ಥವಾಗದವರು ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ಮುಂಬೈ ಪಕ್ಕದ ನಮ್ಮ ಡೊಂಬಿವಲಿಯಲ್ಲಿ ಅರ್ಥವಾಗದವರು ಬಂದು ಬಾಗಿಲು ತಟ್ಟುತ್ತಾರೆ.

ಅಮೆರಿಕದಲ್ಲೇ ಮೊದಲು ಬಾಗಿಲು ತಟ್ಟಿದವಳು ನಮ್ಮ ಅತ್ತೆ, ಅಪ್ಪನ ತಂಗಿ. ಕುಂದಾಪುರದಿಂದ ಅಮೆರಿಕಕ್ಕೆ ನರ್ಸ್ ಕೆಲಸಕ್ಕೆ ಹೋದವಳು, ಕೆಳಗಿನ ಮನೆಯ ಪಿಯಾನೊ ಗಲಾಟೆ ತಾಳಲಾರದೆ ಜಗಳಕ್ಕೆ ಇಳಿದಳು. ಜಗಳ ಇನ್ನೂ ಮುಗಿದಿಲ್ಲ, ನಡುವೆ ಮದುವೆಯೊಂದು ಆಗಿಹೋಯಿತು. ಅಥವಾ ಮಾವನೇ ಮೆಟ್ಟಿಲು ಹತ್ತಿ ಬಂದರೋ? ಅವಳು ಒಂದು ಹೇಳುತ್ತಾಳೆ, ಅವರು ಇನ್ನೊಂದು. ನನಗೆ ಇಬ್ಬರ ನೆನಪಿನ ಮೇಲೂ ನಂಬಿಕೆಯಿಲ್ಲ, ನನ್ನದರ ಮೇಲೆ ಮೊದಲೇ ಇಲ್ಲ. ಅಂತೂ ನಿವೃತ್ತಿಯ ನಂತರ ಪಿಯಾನೊ ಸಮೇತ ಇಲ್ಲಿಗೆ ಬಂದರು. ಮಾವನಿಗೆ ಕನ್ನಡ ಕಲಿಸಿದವಳು ಅತ್ತೆ, ಹಾಗಾಗಿ ಆ ನೀಲಿ ಕಣ್ಣಿನ ಮನುಷ್ಯ ಬಾಯಿಬಿಟ್ಟರೆ, "ಎಂತ ಮಾರಾಯ?"

ದಿನಾ ಬೆಳಿಗ್ಗೆ, ಅತ್ತೆ ಅಡುಗೆಗೆ ನಿಂತ ಹೊತ್ತಿಗೆ, ಮಾವ ಪಿಯಾನೊ ಮುಂದೆ ಕೂರುತ್ತಾರೆ. ನಾಲ್ಕು ಸ್ವರ. ಕಲ್ಯಾಣ್ ಲೋಕಲ್ ರೈಲಿನಲ್ಲಿ ಅಂಟಿಕೊಂಡು ನಿಂತ ಅಪರಿಚಿತರ ಹಾಗೆ, ಒಂದಕ್ಕೊಂದು ಸಂಬಂಧವೇ ಇಲ್ಲ. ಆಮೇಲೆ ಉದ್ದನೆಯ ಮೌನ. ಎದುರುಮನೆಯ ಮರಾಠಿ ಹೆಂಗಸು, ಎಲ್ಲರ ಕಾಕು, ಕನಿಕರಪಟ್ಟು ರಿಪೇರಿಯವನನ್ನೇ ಕಳಿಸಿದಳು! ಅವನು ಮಾವ ಬಾರಿಸುವುದನ್ನು ಕೇಳಿದ, ಪಿಯಾನೊ ಬಿಚ್ಚಿದ, ಮುಚ್ಚಿದ, ಅತ್ತೆಯ ಕಿವಿಯಲ್ಲಿ ಗುಟ್ಟಾಗಿ ಹೇಳಿದ: "ಮೆಷೀನ್ ಠೀಕ್ ಹೈ ಆಂಟಿ. ಅಂಕಲ್ ಕೋ ಡಾಕ್ಟರ್ ಕೋ ದಿಖಾವೋ."

"ಕೇಳಿದ್ರಾ? ರಿಪೇರಿಯವನೂ ನನ್ನ ಪಾರ್ಟಿ!" ಅತ್ತೆಗೆ ಸಂಭ್ರಮ. "ಭಜನೆಗೆ ಒಂದು ಹಾಡು ಬಾರಿಸಿ ಅಂದ್ರೆ ಆಗುದಿಲ್ಲ. ಇದೊಂದು ಟಣ್ ಟಣ್."

ಮಾವ ನಕ್ಕರು. ಒಮ್ಮೆ ಮಾತ್ರ ನನ್ನ ಹತ್ತಿರ ಹೇಳಿದ್ದರು: "ಅಮೆರಿಕದಲ್ಲಿ ಎಲ್ರೂ ಚಂದ ಉಂಟು ಅಂದ್ರು. ಇವಳೊಬ್ಬಳು ಹೇಳ್ಲಿಲ್ಲ ನೋಡು."

ಹತ್ತಿರದ ಠಾಣೆ ನಗರದ ಕನ್ನಡ ಸಂಘವೊಂದರ ವಾರ್ಷಿಕೋತ್ಸವದಲ್ಲಿ ಬಾರಿಸಲು ಅವರು ಒಪ್ಪಿದ್ದು ಅದಕ್ಕೇ. ಮುಂದಿನ ಸಾಲಿನಲ್ಲಿ ಅತ್ತೆ ರೇಷ್ಮೆ ಸೀರೆಯುಟ್ಟು ಕೂತಿದ್ದಳು. ಮನೆಯಲ್ಲಾದರೆ ಅಡುಗೆಮನೆಗೆ ತಪ್ಪಿಸಿಕೊಳ್ಳಬಹುದು, ಇಲ್ಲೆಲ್ಲಿ ಹೋಗುತ್ತಾಳೆ? ಮಾವ ನಾಲ್ಕು ಸ್ವರ ಬಾರಿಸಿದರು. ಮೌನ ಬಂತು. ಮೌನ ಮುಂದುವರಿಯಿತು. ಕಾರ್ಯದರ್ಶಿಗಳು ನೋಡಿದರು, ನೋಡಿದರು, ಮುಗಿಯಿತೆಂದು ನಿಶ್ಚಯಿಸಿ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿಯೊಂದಿಗೆ ವೇದಿಕೆಗೆ ನುಗ್ಗಿದರು!

"ಸರ್, ಇನ್ನೂ ಉಂಟು," ಎಂದರು ಮಾವ.

"ಇದೆ ಸರ್, ಇದೆ. ಊಟಾನೂ ಇದೆ!"

ಪೇಟ ಕಣ್ಣಿನವರೆಗೆ ಇಳಿದಿತ್ತು, ತೊಡೆಯ ಮೇಲೆ ಅನಾನಸು. ಮಾವ ಮುಂದಿನ ಸ್ವರಕ್ಕೆ ಕೈ ಎತ್ತುವಷ್ಟರಲ್ಲಿ ಮೈಕಿನಲ್ಲಿ ವಂದನಾರ್ಪಣೆ ಶುರುವಾಯಿತು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅತ್ತೆಯೂ ನಕ್ಕಳೆಂದು ನನ್ನ ನೆನಪು. ಸಂಘದವರು ತೆಗೆದ ವಿಡಿಯೊದಲ್ಲಿ ನೋಡಿದರೆ ಅವಳೊಬ್ಬಳು ನಗುತ್ತಿಲ್ಲ.

ಮರುದಿನ ಬೆಳಿಗ್ಗೆ ಮಾವ ಪಿಯಾನೊದ ಮುಚ್ಚಳ ತೆರೆಯಲಿಲ್ಲ. ಪೇಪರ್ ಓದಿದರು, ತಲೆಕೆಳಗಾಗಿ ಹಿಡಿದಿದ್ದರು ಎಂದು ಹೇಳುವ ಆಸೆ ನನಗೆ, ಆದರೆ ಸರಿಯಾಗಿಯೇ ಹಿಡಿದಿದ್ದರು. ರಾತ್ರಿ ಅಲ್ಲೇ ಉಳಿದಿದ್ದ ನಾನು ಚಹಾ ಕುಡಿಯುತ್ತಿದ್ದೆ. ಒಳಗೆ ಕುಕ್ಕರ್ ಬುಸುಗುಟ್ಟತೊಡಗಿತು. ಅತ್ತೆ ಸೌಟು ಹಿಡಿದೇ ಹೊರಗೆ ಬಂದಳು.

"ಎಂತ, ಬಾರಿಸುದಿಲ್ವಾ?"

"ಸಾಕು ಮಾರಾಯ್ತಿ. ಯಾರಿಗೆ ಬೇಕು?"

"ಯಾರಿಗೆ ಬೇಕಾ? ಅಲ್ಲಿ ಬೇಳೆ ಇಟ್ಟಾಗಿದೆ! ಕುಕ್ಕರ್ ಕೂಗುವ ಮೊದ್ಲು ಇದು ಬರ್ಬೇಕಲ್ಲ?" ಎಂದವಳೇ ಹಾಡಿದಳು. ಯಾರೂ ಹಾಡಲಾಗದ ಆ ನಾಲ್ಕು ಸ್ವರ! "ಆಮೇಲೆ ನೀವು ಸುಮ್ಮನಿರುದು, ಅದು ಕೂಗುದು. ನಿನ್ನೆ ಅಲ್ಲಿ ಕುಕ್ಕರೇ ಇರ್ಲಿಲ್ಲ. ಆ ಜನಕ್ಕೆ ಎಂತ ಗೊತ್ತಾಗ್ತದೆ?"

ಮಾವ ಅವಳನ್ನೇ ನೋಡಿದರು. ಪೇಪರ್ ಮಡಚಿದರು. ಮುಚ್ಚಳ ತೆರೆದು ಬಾರಿಸಿದರು.

ಮೌನ ಬಂತು. ನಾನು ಸೊರ್ರೆಂದು ಚಹಾ ಹೀರಿದೆ. ಅತ್ತೆ ಸೌಟು ತೋರಿಸಿ ನನ್ನನ್ನು ಗದರಿದಳು, "ಶ್!"

ಕುಕ್ಕರ್ ಇನ್ನೂ ಕೂಗಿರಲಿಲ್ಲ. ಮೂವರೂ ಕಾದೆವು.