ಹೆಂಡತಿಯ ಸ್ಟೇಷನ್ನಿನಲ್ಲಿ ಲಿನಕ್ಸ್

ಹೆಂಡತಿ ಸ್ಟೇಷನ್ ಮಾಸ್ತರ್ ಆಗಿರುವ ಮನೆಯಲ್ಲಿ ಯಾವ ಮಾತೂ ಒಂದೇ ಸಲಕ್ಕೆ ಮುಗಿಯುವುದಿಲ್ಲ. ರೈಲ್ವೆಯಲ್ಲಿ ಫೋನಿನ ಮೇಲೆ ಬಂದ ಸಂದೇಶವನ್ನು ಕೇಳಿದವರು ತಿರುಗಿ ಹೇಳಬೇಕು, ಹೇಳಿದವರು ಹೌದೆನ್ನಬೇಕು, ಆಮೇಲಷ್ಟೇ ಮುಂದಿನ ಕೆಲಸ. ನಮ್ಮ ಶಶಿಕಲಾ ಈ ಪದ್ಧತಿಯನ್ನು ಡ್ಯೂಟಿ ಮುಗಿದ ಮೇಲೆ ಸ್ಟೇಷನ್ನಿನಲ್ಲೇ ಬಿಟ್ಟು ಬರುವುದಿಲ್ಲ. ನಾನು ಚಿತ್ತಾಪುರದ ಹೈಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಒಪ್ಪಿಸಲು ಹೇಳುವವನು. ವಾಡಿಯ ಮನೆಗೆ ಬಂದ ಮೇಲೆ ಕೊತ್ತಂಬರಿ, ಹಸಿಮೆಣಸಿನಕಾಯಿ, ಸಣ್ಣ ರವೆ ಎಂದು ನಾನೇ ಒಪ್ಪಿಸಿ ಸಂತೆಗೆ ಹೊರಡಬೇಕು. ಇದು ಗಂಡಸಿನ ಮರ್ಯಾದೆಗೆ ಕುಂದೆಂದು ಬಹಳ ಕಾಲ ಗೊಣಗಿದ್ದೇನೆ.

ನಮ್ಮ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಂ ಹಾಕಿದ ಭಾನುವಾರ ಆ ಗೊಣಗಾಟ ನಿಂತಿತು. ವಾಡಿಯ ಸಿಮೆಂಟ್ ಕಾರ್ಖಾನೆಯ ಧೂಳು ಕುಡಿದು ಕುಡಿದು ಅದು ತೆರೆದುಕೊಳ್ಳುವಷ್ಟರಲ್ಲಿ ನನ್ನ ಸ್ನಾನ, ಪೂಜೆ, ತಿಂಡಿ ಎಲ್ಲ ಆಗುತ್ತಿತ್ತು. ಲಿನಕ್ಸ್ ಹಾಕಿದರೆ ಕುದುರೆಯಂತೆ ಓಡುತ್ತದೆ ಎಂದು ಸಹೋದ್ಯೋಗಿಯೊಬ್ಬರು ಪೆನ್‌ಡ್ರೈವ್ ಕೊಟ್ಟಿದ್ದರು. ನಾನು ತಜ್ಞನ ಗತ್ತಿನಲ್ಲಿ ಕುಳಿತು, ಪರದೆಯ ಮೇಲೆ ಬಂದ ಪ್ರಶ್ನೆಗೆಲ್ಲ 'ಹೌದು' ಒತ್ತುತ್ತ ಹೋದೆ. ಶಶಿಕಲಾ ಚಹಾ ತಂದು ಪಕ್ಕದಲ್ಲಿ ನಿಂತಳು.

"ಏನ್ ಕೇಳಾಕತ್ತದ ಅದು? ಜೋರಾಗಿ ಓದ್ರಿ."

"ಎಲ್ಲಾ ಸುಮ್ಮನ ಕೇಳೋವೇ ಇರ್ತಾವ."

"ಸುಮ್ಮನ ಯಾರೂ ಕೇಳಂಗಿಲ್ರಿ. ಓದ್ರಿ."

ಅವಳ ಸಮಾಧಾನಕ್ಕೆಂದು ಕನ್ನಡದಲ್ಲೇ ಓದಿದೆ: "ಈ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಮುಂದುವರಿಯಲೇ?" ಓದಿದ ಮೇಲೆ ನನ್ನ ಕಿವಿಗೇ ಕೇಳಿಸಿತು, ಬೆರಳು ನಿಂತಿತು. ಅವಳು ಚಹಾದ ಬಟ್ಟಲು ಕೆಳಗಿಟ್ಟಳು. "ಎಲ್ಲಾ ಅಂದ್ರ, ಅವ್ವನ ಹಾಡೂ ಅದರಾಗೇ ಅದಾವಲ್ರಿ."

ಇದ್ದವು. ಚಿಮ್ಮನಚೋಡದ ನಮ್ಮತ್ತೆ ತೀರಿಕೊಳ್ಳುವ ಮುಂಚಿನ ಬೇಸಿಗೆಯಲ್ಲಿ ಹೇಳಿದ್ದ ಬೀಸುವ ಹಾಡುಗಳು. ಅವರ ದನಿ ಈ ಲೋಕದಲ್ಲಿ ಉಳಿದಿರುವುದು ಅಲ್ಲೊಂದೇ ಕಡೆ. ಎಲ್ಲ ಹಾಡುಗಳನ್ನೂ ಬೇರೊಂದು ಪೆನ್‌ಡ್ರೈವಿಗೆ ನಕಲು ಮಾಡಿಕೊಂಡು, ಆಮೇಲೆ ಹೌದೆಂದೆ. ನಕಲನ್ನು ಒಮ್ಮೆ ಹಾಕಿ ಕೇಳಬೇಕೆಂದು ಮಾತ್ರ ಹೊಳೆಯಲಿಲ್ಲ.

ಲಿನಕ್ಸ್ ಬಂತು, ಕುದುರೆಯಂತೆಯೇ ಓಡಿತು. ಹಾಡು ಹಾಕಿದೆ. ಪರದೆಯ ಮೇಲೆ ಗೆರೆ ಮುಂದೆ ಸರಿಯಿತು, ದನಿ ಬರಲಿಲ್ಲ. ಶಶಿಕಲಾ ಸರಿಯುವ ಗೆರೆಯನ್ನೇ ನೋಡುತ್ತ ನಿಂತಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಾನು ಇಂಟರ್ನೆಟ್ಟಿನಲ್ಲಿ ಸಿಕ್ಕ ಕಮಾಂಡುಗಳನ್ನೆಲ್ಲ ತಂದು ಸುರಿಯತೊಡಗಿದೆ. 'ನಿಮಗೆ ಅಧಿಕಾರವಿಲ್ಲ' ಎಂದಿತು ಯಂತ್ರ. ಈ ಮನೆಯಲ್ಲಿ ಅದೇನೂ ಹೊಸ ಸುದ್ದಿಯಲ್ಲ. ಆದರೆ ಶಶಿಕಲಾ ಕುರ್ಚಿ ಎಳೆದುಕೊಂಡು ಕುಳಿತು, ಒಂದೊಂದು ಸಾಲನ್ನೂ ನನ್ನಿಂದ ಓದಿಸಿದಳು. ಅವಸರವಿಲ್ಲ, ಗಾಬರಿಯಿಲ್ಲ. ಎರಡೂ ಕಡೆಯಿಂದ ಗಾಡಿ ಬರುತ್ತಿರುವಾಗಲೂ ಇವಳು ಹೀಗೇ ಕುಳಿತಿರುತ್ತಾಳಲ್ಲ ಎಂದು ಮೊದಲ ಸಲ ಹೆಮ್ಮೆಯಾಯಿತು.

"ಈ ಲಿನಕ್ಸ್ ಭಾಳ ಛಲೋ ಅದರಿ," ಎಂದಳು. "ತಪ್ಪು ಎಲ್ಲಿ ಆಗ್ಯಾದ ಅಂತ ಬರೆದೇ ಹೇಳ್ತದ. ಓದೋರು ಬೇಕು, ಅಷ್ಟೇ."

ಸೆಟ್ಟಿಂಗ್ಸಿನಲ್ಲಿ ದನಿ ಹೊರಡುವ ದಾರಿಗಳ ಹೆಸರುಗಳಿದ್ದವು. ಓದಿದೆ. ದನಿಯೆಲ್ಲ ಮಾನಿಟರಿನ ಕಡೆ ಹೋಗುತ್ತಿತ್ತು. ನಮ್ಮ ಮಾನಿಟರಿಗೆ ಸ್ಪೀಕರೇ ಇಲ್ಲ.

"ಗಾಡಿ ಬರೋಬ್ಬರಿ ಹೊಂಟದ," ಎಂದಳು ಶಶಿಕಲಾ, "ಪ್ಲಾಟ್‌ಫಾರಂ ಬ್ಯಾರೆ. ಈ ಕಡೆ ತಗೋರಿ."

ಸ್ಪೀಕರಿನ ಕಡೆಗೆ ತಿರುಗಿಸಿದೆ. ಮೊದಲು ಯಾರೋ ಕೆಮ್ಮಿದರು. ಅತ್ತೆಯ ಕೆಮ್ಮು. ಶಶಿಕಲಾ ನನ್ನ ತೋಳು ಹಿಡಿದುಕೊಂಡಳು. ಆ ಕೆಮ್ಮನ್ನು ಅಷ್ಟು ಪ್ರೀತಿಯಿಂದ ಕೇಳಿದವರು ನಮ್ಮಿಬ್ಬರ ಹೊರತು ಯಾರೂ ಇರಲಾರರು. ಹಾಡಿಗಿಂತ ಮುಂಚೆ ಅತ್ತೆ ಮಾತಾಡಿದರು:

"ಶಶೀ, ಅವ್ರು ಬಟನ್ ಒತ್ಯಾರೋ ಇಲ್ಲೋ ನೀನೇ ನೋಡವ್ವ. ಮನುಷ್ಯಾರು ಭಾಳ ಛಲೋ ಇದ್ದಾರ. ಆದ್ರ ಮಾತು ಪೂರಾ ಕೇಳಂಗಿಲ್ಲ, ಅರ್ಧಕ್ಕೇ ಹೂಂ ಅಂದುಬಿಡ್ತಾರ."

ಶಶಿಕಲಾ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ಆ ಬೇಸಿಗೆಯಲ್ಲಿ ಇದನ್ನು ರೆಕಾರ್ಡ್ ಮಾಡಿದವನು ನಾನೇ. ಈ ಮಾತು ನನ್ನ ಕಿವಿಗೆ ಬಿದ್ದದ್ದು ಮಾತ್ರ ಈ ಭಾನುವಾರ. ಇಂಥ ಸಾಕ್ಷಿಯನ್ನು ಅಳಿಸಿಹಾಕಲು ಬೆಳಿಗ್ಗೆ ಒಂದೇ ಒಂದು ಗುಂಡಿ ಬಾಕಿಯಿತ್ತು. ಈಗ ಅದು ಮನೆಯ ಕಂಪ್ಯೂಟರಿನಲ್ಲಿದೆ, ಪೆನ್‌ಡ್ರೈವಿನಲ್ಲಿದೆ, ಅವಳ ಮೊಬೈಲಿನಲ್ಲಿದೆ. ಎಲ್ಲ ಕಡೆಗೂ ನಕಲು ಮಾಡಿಕೊಟ್ಟವನು ನಾನೇ, ಒಂದೊಂದನ್ನೂ ಹಾಕಿ, ಕೊನೆಯವರೆಗೆ ಕೇಳಿ.