ಶಿರಂಗಾಲ ರಸ್ತೆಯ ಸಾಕೆಟ್ ರಿಪೇರಿ

ಕಾಫಿ ಒಣಗಿಸುವ ಡ್ರೈಯರ್ ಕಂಪ್ಯೂಟರಿನ ಜೊತೆ ಮಾತು ಬಿಟ್ಟದ್ದೇ ಅನಿಲ್‌ಕುಮಾರನ ಆ ದಿನದ ಪೀಕಲಾಟಕ್ಕೆಲ್ಲ ಮೂಲ.

ಶಿರಂಗಾಲ ರಸ್ತೆಯಲ್ಲಿ ಸುಲೋಚನಮ್ಮನವರದೊಂದು ಕಾಫಿ ಕ್ಯೂರಿಂಗ್ ವರ್ಕ್ಸ್. ಅಲ್ಲಿ ಕಂಪ್ಯೂಟರ್ ಬಲ್ಲವನು ಅನಿಲ್ ಒಬ್ಬನೇ. ಶೆಡ್ಡಿನ ಡ್ರೈಯರ್ ಎಷ್ಟು ಬಿಸಿಯಿದೆಯೆಂದು ಆಫೀಸಿನಲ್ಲಿ ಕೂತೇ ನೋಡುವಂಥ ಪ್ರೋಗ್ರಾಂ ಬರೆದಿದ್ದ. ಅದನ್ನು ತೋರಿಸಲೆಂದೇ ಸುಲೋಚನಮ್ಮ ಆ ಬೆಳಿಗ್ಗೆ ಪ್ಲಾಂಟರುಗಳನ್ನು ಕರೆದಿದ್ದರು. ಅವರು ಮೆಚ್ಚಿದರೆ ಅವರವರ ಡ್ರೈಯರಿಗೂ ಇವನದೇ ಪ್ರೋಗ್ರಾಂ. ಮೆಚ್ಚದಿದ್ದರೆ ಇವನು ಮತ್ತೆ ಮೂಟೆ ತೂಗುವ ಕೆಲಸಕ್ಕೆ. ನಿನ್ನೆವರೆಗೂ ಹೇಳಿದಂತೆ ಕೇಳಿದ್ದ ಪ್ರೋಗ್ರಾಂ ಈಗ ‘ಕನೆಕ್ಷನ್ ರೆಫ್ಯೂಸ್ಡ್’ ಎನ್ನುತ್ತ, ಮಾವನ ಮನೆಯಲ್ಲಿ ಮುನಿಸಿಕೊಂಡ ಹೊಸ ಅಳಿಯನಂತೆ ಕೂತಿತ್ತು.

ವೈರು ಸರಿಯಿತ್ತು, ಪೋರ್ಟ್ ನಂಬರೂ ಸರಿಯಿತ್ತು. ಬರೆದ ಸಾಲುಗಳನ್ನೆಲ್ಲ ಅಕ್ಕಿ ಆರಿಸಿದಂತೆ ಆರಿಸಿದರೂ ಕಲ್ಲು ಸಿಗಲಿಲ್ಲ. ಅಷ್ಟರಲ್ಲಿ ಲೆಕ್ಕ ಬರೆಯುವ ರೈಟರ್ ಜಯಪ್ಪ ಬಂದು ಏನಾಯಿತೆಂದು ವಿಚಾರಿಸಿದರು.

“ಸಾಕೆಟ್ ಓಪನ್ ಆಗ್ತಿಲ್ಲ ಜಯಪ್ಪಣ್ಣ” ಎಂದ ಅನಿಲ್, ತಲೆ ಎತ್ತದೆ.

ಅದೇ ತಪ್ಪಾಯಿತು. ಜಯಪ್ಪ ಹೋಗಿ ಎಲೆಕ್ಟ್ರಿಷಿಯನ್ ಸುಬ್ಬನನ್ನು ಕರೆತಂದರು. ಅನಿಲ್ ತಲೆ ಎತ್ತುವುದರೊಳಗೆ ಸುಬ್ಬ ಆಫೀಸಿನ ಗೋಡೆಯ ಸಾಕೆಟ್ಟುಗಳನ್ನೆಲ್ಲ ಕಳಚಿ, ಹಲ್ಲು ಕಿತ್ತ ಬಾಯಿಯಂತೆ ಮಾಡಿದ್ದ. ಚಟ್ ಎಂದು ಕಿಡಿ ಹಾರಿತು. ಫ್ಯಾನು, ಲೈಟು ಎರಡೂ ನಿಂತವು. ಇದು ಗೋಡೆಯ ಸಾಕೆಟ್ ಅಲ್ಲ, ಎರಡು ಯಂತ್ರ ಮಾತಾಡಿಕೊಳ್ಳಲು ಪ್ರೋಗ್ರಾಮಿನೊಳಗೆ ಇರುವ ಬಾಗಿಲು ಎಂದು ಅನಿಲ್ ಬೆವರುತ್ತ ವಿವರಿಸಿದ.

“ಒಳಗಿಂದಾ? ಮೊದ್ಲೇ ಹೇಳ್ಬಾರ್ದಾ” ಎಂದರು ಜಯಪ್ಪ. ಸುಬ್ಬ ಸ್ಕ್ರೂಡ್ರೈವರ್ ಹಿಡಿದು ಲ್ಯಾಪ್‌ಟಾಪಿನ ಕಡೆ ತಿರುಗಿದ.

ಅನಿಲ್ ಲ್ಯಾಪ್‌ಟಾಪನ್ನು ಕೂಸಿನಂತೆ ಅವುಚಿಕೊಂಡು ಶೆಡ್ಡಿಗೆ ಓಡಿದ. ಅಲ್ಲಿನ ಕರೆಂಟ್ ಲೈನ್ ಬೇರೆ. ಡ್ರೈಯರ್ ನಡೆಯುತ್ತಲೇ ಇತ್ತು. ಹೊಟ್ಟಿನ ರಾಶಿಯಲ್ಲಿ ಮಂಡಿಯೂರಿ, ಲ್ಯಾಪ್‌ಟಾಪಿಗೆ ಅದರ ವೈರು ಸಿಕ್ಕಿಸಿ, ಡ್ರೈಯರಿನ ಪುಟ್ಟ ಪರದೆ ನೋಡಿದಾಗ ಗುಟ್ಟು ತಿಳಿಯಿತು. ಆ ಯಂತ್ರ ಒಂದು ಹೊತ್ತಿಗೆ ಒಬ್ಬರ ಜೊತೆ ಮಾತ್ರ ಮಾತಾಡುವಂಥದ್ದು. ಈಗಾಗಲೇ ಅದು ಬೇರೆ ಯಾರ ಜೊತೆಗೋ ಮಾತಿಗೆ ಕೂತಿತ್ತು.

ಆಗಲೇ ಸುಲೋಚನಮ್ಮ ಪ್ಲಾಂಟರುಗಳ ದಂಡಿನೊಂದಿಗೆ ಬಂದರು, ಕಣ್ಣು ಫೋನಿನ ಮೇಲೆ. ಬೆಳಗಿನ ಕಥೆಯನ್ನೆಲ್ಲ ಪ್ಲಾಂಟರುಗಳಿಗೆ ಒಪ್ಪಿಸುತ್ತ ಜಯಪ್ಪನೂ ಜೊತೆಗಿದ್ದರು.

“ಈಗ ಐವತ್ತೆಂಟು ಡಿಗ್ರಿ ಇದೆ ನೋಡಿ” ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಹಿಂದಿನ ಸಂಜೆ ಮಿಷನ್ ಕಂಪನಿಯವನು ಅವರ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟು ಹೋಗಿದ್ದನಂತೆ.

ಅನಿಲನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. “ಅಮ್ಮಾ, ಆ ಆ್ಯಪ್ ಒಂದ್ಸಲ ಬಂದ್ ಮಾಡ್ತೀರಾ?” ಎಂದು ಮೆಲ್ಲಗೆ ಕೇಳಿದ.

ಅವರು ಬೆರಳಿನಿಂದ ಒತ್ತಿದರು. ಲ್ಯಾಪ್‌ಟಾಪಿನ ಪರದೆ ತುಂಬ ಅಂಕಿಗಳು ಪುಟಪುಟನೆ ಮೂಡಿದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೊಟ್ಟು ಮೆತ್ತಿದ ಅನಿಲನ ಮುಖ ಹಲಸಿನ ಹಣ್ಣಿನಂತೆ ಬಿರಿಯಿತು.

ಪೊನ್ನಂಪೇಟೆಯ ಪ್ಲಾಂಟರ್ ಪೊನ್ನಪ್ಪ ಮುಂದೆ ಬಂದು, ಅನಿಲನನ್ನು ದಾಟಿ ಸುಲೋಚನಮ್ಮನವರಿಗೆ ಕೈಮುಗಿದರು. “ಇವ್ರೆಲ್ಲ ಬೆಳಗ್ಗಿಂದ ಒದ್ದಾಡಿದ್ರಂತೆ, ನೀವು ಒಂದೇ ಬೆರಳಲ್ಲಿ ಸರಿ ಮಾಡಿದ್ರಲ್ಲಾ ಅಕ್ಕ. ನಮ್ದೂ ಕೆಟ್ಟು ಕೂತಿದೆ. ಇವತ್ತೇ ಬರ್ಬೇಕು.”

ಸುಲೋಚನಮ್ಮ ಅದೇನು ಮಹಾ ಎಂದು ಮೊದಲು ಸಂಕೋಚಪಟ್ಟರು. ಜಯಪ್ಪ ತಾನು ಕಣ್ಣಾರೆ ಕಂಡೆನೆಂದು ಸಾಕ್ಷಿ ನುಡಿದಾಗ ಅವರಿಗೂ ಹೌದೆನ್ನಿಸತೊಡಗಿತು. ಫೋನನ್ನು ವ್ಯಾನಿಟಿ ಬ್ಯಾಗಿಗೆ ಹಾಕಿ ಜೀಪು ತರಿಸಿದರು.

“ನೀನೂ ಹತ್ತು ಅನಿಲ್” ಎಂದರು ಅಕ್ಕರೆಯಿಂದ. “ಪಕ್ಕದಲ್ಲಿ ನಿಂತು ನಾನು ಹೆಂಗೆ ಒತ್ತೀನಿ ಅಂತ ನೋಡ್ತಿರು. ನಿಧಾನಕ್ಕೆ ಕಲೀತೀಯ.”