ಹೊರಸಿನ ಕೆಳಗಿನ ಹೊಲ

ಹೊಲದಲ್ಲಿ ಹೊರಸು ಹಾಕಿಕೊಂಡು ಮಲಗುವವರನ್ನು ನೀವೆಲ್ಲ ನೋಡಿರುತ್ತೀರಿ. ಹೊಲವನ್ನೇ ಹೊರಸಿನ ಕೆಳಗೆ ಹಾಕಿಕೊಂಡು ಮಲಗುವವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನನ್ನ ಸೋದರಮಾವ! ಕರಣಕೋಟದ ಸಿಮೆಂಟ್ ಕಾರ್ಖಾನೆಯಲ್ಲಿ ನೌಕರಿ, ತಾಂಡೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ನನಗೆ ತಾಂಡೂರಿನಲ್ಲಿ ಮಾಸ್ತರಿಕೆ ಸಿಕ್ಕಾಗ, ಬೇರೆ ಕೋಣೆ ಸಿಗುವವರೆಗೆ ಎಂದು ಅವರ ಮನೆ ಸೇರಿದೆ. ಅತ್ತೆಯ ಕೈರುಚಿಯಿಂದಾಗಿ ವರ್ಷಗಟ್ಟಲೆ ನನಗೆ ಕೋಣೆ ಸಿಗಲೇ ಇಲ್ಲ.

ತಾಂಡೂರಿನಲ್ಲಿ ಕಲ್ಲಿಗೆ ಬರವಿಲ್ಲ. ನೆಲಕ್ಕೆ ಹಾಸಿದ್ದು ಕಲ್ಲು, ಬೇಲಿಗೆ ನಿಲ್ಲಿಸಿದ್ದು ಕಲ್ಲು, ಮೋರಿಗೆ ಮುಚ್ಚಿದ್ದೂ ಕಲ್ಲು. ಗುದ್ದಲಿ ಗೇಣು ಇಳಿಯುವುದರೊಳಗೆ ಠಣ್ ಎನ್ನುತ್ತದೆ. ಇಂಥ ಅಂಗಳದಲ್ಲಿ ಮಾವನಿಗೆ ಕಾಯಿಪಲ್ಯೆ ಬೆಳೆಯುವ ಹುಚ್ಚು! ಅದಕ್ಕಾಗಿ ಮದುವೆಯಾದ ಹೊಸದರಲ್ಲಿ ಕಂಗ್ಟಿಯಿಂದ ಚೀಲಗಟ್ಟಲೆ ಎರೆಮಣ್ಣು ತಂದಿದ್ದರು. ಕಂಗ್ಟಿ ಅತ್ತೆಯ ತವರು. ಮಾವನ ಸ್ವಂತ ಊರು ಮನೂರಿನಲ್ಲಿ ಅವರದೇ ಎರೆಹೊಲ ಇರುವಾಗ ಅಷ್ಟು ದೂರ ಹೋಗುವುದೇಕೆ? ಹೆಣ್ಣು ಕೊಟ್ಟವರ ಹೊಲವನ್ನು ಅಳಿಯ ಚೀಲದಲ್ಲಿ ತುಂಬಿಕೊಂಡು ಬಂದ ಎಂದು ನಮ್ಮ ಬಳಗದಲ್ಲೆಲ್ಲ ನಗೆ.

ಆ ಬಸ್ ಪ್ರಯಾಣದ ಕಥೆಯನ್ನು ಮಾವ ತಾವೇ ಹೇಳಿ ನಗಿಸುತ್ತಿದ್ದರು. ಕಂಡಕ್ಟರ್ ಚೀಲ ಒದ್ದು ನೋಡಿ ಕೇಳಿದನಂತೆ, "ಏನದ್ರಿ ಇದರಾಗ?"

"ಮಣ್ಣು. ತಾಂಡೂರಿಗೆ ಒಯ್ಯಾಕತ್ತೀನಿ."

"ಮಣ್ಣಾ? ತಾಂಡೂರಾಗ ಮಣ್ಣು ಸಿಗಂಗಿಲ್ಲೇನ್ರಿ? ಹೋಗ್ಲಿ, ಚೀಲಕ್ಕೂ ಟಿಕೆಟ್ ತಗೋರಿ."

"ಟಿಕೆಟ್ ತಗೊಂಡ ಮ್ಯಾಲ ಅದಕ್ಕ ಸೀಟ್ ಬೇಕಲ್ಲ?"

ಹೀಗೆಂದು ಮಾವ ಒಂದು ಚೀಲವನ್ನು ಸೀಟಿನ ಮೇಲೆ ಕೂರಿಸಿ, ಬಸ್ ಬದಲಿಸುವ ನಾರಾಯಣಖೇಡದವರೆಗೆ ತಾವು ಅದರ ಪಕ್ಕದಲ್ಲಿ ನಿಂತೇ ಬಂದರು. ಎದುರು ಸೀಟಿನ ಮುದುಕಿ, ಒಳಗೆ ಯಾವುದೋ ದೇವರ ಮೂರ್ತಿ ಇರಬೇಕೆಂದು ಇಳಿಯುವಾಗ ಚೀಲಕ್ಕೆ ಕೈಮುಗಿದು ಹೋದಳಂತೆ!

ಮಳೆಗಾಲಕ್ಕೆ ಬಿತ್ತನೆ, ಚಳಿಗಾಲಕ್ಕೆ ಸುಗ್ಗಿ. ಶಿವರಾತ್ರಿ ದಾಟಿತೆಂದರೆ ಬಾವಿಯ ತಳ ಕಾಣುತ್ತದೆ, ತೋಟ ಮುಚ್ಚಬೇಕು. ನೀವೋ ನಾನೋ ಆದರೆ ಗಿಡ ಕಿತ್ತು ಬಿಸಾಡಿ ಕೈ ತೊಳೆದುಕೊಳ್ಳುತ್ತೇವೆ. ಮಾವನದು ಹಾಗಲ್ಲ. ಮೊದಲು ಗಿಡದಲ್ಲಿ ಉಳಿದ ಸೊಟ್ಟ ಬದನೆ, ಹಣ್ಣಾಗಲು ಒಲ್ಲೆನೆನ್ನುವ ಟೊಮೆಟೊ, ನಾರುಬಿದ್ದ ಬೆಂಡೆ ಎಲ್ಲ ಸೇರಿ ಒಂದೇ ಬುಟ್ಟಿಗೆ. ಅದರ ಪಲ್ಯ ವಾರವಿಡೀ ನಡೆಯುತ್ತಿತ್ತು. "ಅತ್ತೆ, ಇದು ಎಂಥ ಪಲ್ಯ?" ಎಂದರೆ, "ಸುಮ್ಮ ಉಣ್ಣು. ಇದಕ್ಕ ಹೆಸರಿಡಾಕ ನನ್ನ ಕೈಲಿ ಆಗಂಗಿಲ್ಲ" ಎನ್ನುತ್ತಿದ್ದರು.

ಆಮೇಲೆ ಗಿಡಗಳು. ಒಂದೊಂದನ್ನೇ ಕಿತ್ತು, ಬೇರು ಜಾಡಿಸಿ, ಮಣ್ಣೆಲ್ಲ ಉದುರಿದ ಮೇಲೆಯೇ ಪಕ್ಕದ ಮನೆಯ ಆಡಿಗೆ ಕೊಡುವುದು. "ನಾ ಕೊಟ್ಟದ್ದು ಗಿಡ. ಮಣ್ಣಲ್ಲ!" ಎಂದು ಆಡಿಗೇ ತಾಕೀತು. ಕೊನೆಗೆ ಅಂಗಳದ ಮಣ್ಣನ್ನೆಲ್ಲ ಬಳಿದು, ಅತ್ತೆಯ ಹಿಟ್ಟಿನ ಜರಡಿಯಲ್ಲಿ ಸೋಸಿ, ಚೀಲಕ್ಕೆ ತುಂಬಿ ಹೊರಸಿನ ಕೆಳಗೆ ಸೇರಿಸುತ್ತಿದ್ದರು. ಬೇಸಿಗೆಯ ಗಾಳಿಗೆ ಅಂಗಳದಲ್ಲಿ ಬಿಟ್ಟರೆ ಮಣ್ಣು ಹಾರಿ ಹೈದರಾಬಾದ್ ಸೇರುತ್ತದೆಂದು ಅವರ ವಾದ. ಆ ವಾರವೆಲ್ಲ ರೊಟ್ಟಿಯಲ್ಲಿ ಹಲ್ಲಿಗೆ ಕರಕರ ಎನ್ನುತ್ತಿತ್ತು.

ಆ ಚೀಲಗಳನ್ನು ಕಂಡವರಿಂದ ಮಾವನ ಮನೆಯಲ್ಲಿ ಜೋಳದ ದಾಸ್ತಾನಿದೆ ಎಂಬ ಸುದ್ದಿಯೂ ಹಬ್ಬಿತ್ತು. ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಪಕ್ಕದ ಮನೆಯಾಕೆ ಒಮ್ಮೆ ಜೋಳ ಕೇಳಲು ಮೊರ ಹಿಡಿದು ಬಂದರು. ಮಾವ ಗಂಭೀರವಾಗಿ ಚೀಲ ಬಿಚ್ಚಿ ತೋರಿಸಿದರು.

"ಯಾ ಅಲ್ಲಾ, ಮಿಟ್ಟಿ!" ಎಂದು ಖಾಲಾ ಬಾಯಿಗೆ ಸೆರಗು ಒತ್ತಿಕೊಂಡರು. ಆಮೇಲೆ ಅತ್ತೆಯ ಕಡೆ ತಿರುಗಿ, "ಪಾಪ, ನೀ ಹ್ಯಾಂಗ ಬಾಳ್ವಿ ಮಾಡ್ತಿ ಇವರ ಜೋಡಿ?" ಎಂದರು. ಅತ್ತೆ ಆ ದಿನವಿಡೀ ಆ ಮಾತನ್ನೇ ಮೆಲುಕು ಹಾಕಿ ಖುಷಿಪಟ್ಟರು.

ಆದರೆ ಒಂದು ವರ್ಷ ತೋಟ ಮುಚ್ಚುವ ಹೊತ್ತಿಗೆ ಸರಿಯಾಗಿ ಮಾವನ ಮಗಳು ಚೊಚ್ಚಲ ಹೆರಿಗೆಗೆ ಬಂದಳು. ಬಾಣಂತಿಯ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡಬೇಕಲ್ಲ? ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತರು.

"ಈ ವರ್ಷ ಹೊರಸಿನ ಬುಡಕ ಜಗಾ ಖಾಲಿ ಆಗ್ಬೇಕು. ಚೀಲ ಹೊರಗ ಚೆಲ್ಲಿ ಬರ್ರಿ."

"ಮಣ್ಣಿನ ಮ್ಯಾಲೇ ಕೆಂಡ ಇಟ್ರ ಆಗಂಗಿಲ್ಲೇನು?"

"ಇಡ್ತೀನಿ! ಮಣ್ಣು ಸುಟ್ಟು ಇಟ್ಟಂಗಿ ಆಗ್ತದ. ಅದರಾಗ ಬದನಿಕಾಯಿ ಬೆಳೀರಿ!"

ಇನ್ನೊಂದು ಕೋಣೆಯಲ್ಲಿ ಒಲೆ, ಜೋಳದ ಡಬ್ಬಿಗಳು, ಅತ್ತೆಯ ಕಬ್ಬಿಣದ ಟ್ರಂಕು, ನಾನು. ಕಾಲಿಡಲೂ ಜಾಗವಿಲ್ಲ. ಮಾವ ಚೀಲಗಳನ್ನು ಹೊತ್ತು ಬಾಗಿಲ ಹೊರಗಿನ ಕಟ್ಟೆಗೆ ಒರಗಿಸಿ, ಉರಿಬಿಸಿಲಲ್ಲಿ ಅವುಗಳ ಪಕ್ಕದಲ್ಲೇ ಕುಳಿತರು.

ಸಮಾಧಾನ ಮಾಡಲು ಹೋದೆ. "ಹೋಗ್ಲಿ ಬಿಡ್ರಿ ಮಾವ. ಮಳಿಗಾಲಕ್ಕ ಕಂಗ್ಟಿಗೆ ಹೋಗಿ ಮತ್ತ ತಂದ್ರಾತು."

"ಎಲ್ಲಿಂದ ತರ್ಲೋ?" ಮಾವನ ದನಿ ಇಳಿದಿತ್ತು. "ಆ ಹೊಲ ಮಾರಿ ಭಾಳ ವರ್ಷ ಆತು. ಮದಿವ್ಯಾಗಿ ಬಂದ ದಿನ ನಿಮ್ಮತ್ತಿ ಈ ಅಂಗಳ ನೋಡಿ, ಇಲ್ಲಿ ಕೊತ್ತಂಬ್ರಿ ಸೈತ ಹುಟ್ಟಂಗಿಲ್ಲ ಅಂತ ಅತ್ತಿದ್ಲು. ಅದಕ್ಕ ತಂದಿದ್ದೆ. ಆಕಿ ತವರಿನ ಹೊಲ ಅಂತ ಉಳದದ್ದು ಈಗ ಈ ಚೀಲದಾಗಿಂದು ಅಷ್ಟೇ."

ತಿರುಗಿ ನೋಡಿದರೆ ಬಾಗಿಲಲ್ಲಿ ಖಾಲಿ ಅಗ್ಗಿಷ್ಟಿಕೆ ಹಿಡಿದು ಅತ್ತೆ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ! ಅಗ್ಗಿಷ್ಟಿಕೆ ಅಲ್ಲೇ ಇಟ್ಟು ಒಳಗೆ ಹೋದರು. ಕಲ್ಲಿನ ಮೇಲೆ ಕಬ್ಬಿಣ ಎಳೆಯುವ ಸದ್ದು. ಮದುವೆಯ ಸೀರೆಗಳಿದ್ದ ತಮ್ಮ ಟ್ರಂಕನ್ನು ಅತ್ತೆ ಹೊಸ್ತಿಲ ಹೊರಗೆ ತಂದು ಬಿಟ್ಟರು.

"ಇದು ಹೊರಗಿರ್ಲಿ. ಅವನ್ನ ಒಳಗ ತರ್ರಿ."

"ಅದರಾಗ ನಿನ್ನ ಸೀರಿ ಅವಲ್ಲ?" ಎಂದರು ಮಾವ.

"ಇರ್ಲಿ. ನನ್ನ ತವರುಮನಿ ಬಿಸಿಲಾಗ ಕುಂತದ."

ಮಾವ ಒಂದು ತುದಿ, ನಾನು ಒಂದು ತುದಿ ಹಿಡಿದು ಚೀಲ ಎತ್ತಿದೆವು. ಹೊಸ್ತಿಲು ದಾಟುವಾಗ ನನ್ನ ಕೈ ಜಾರಿತು.

"ಮೆಲ್ಲಕ! ಚೆಲ್ಲಬ್ಯಾಡ್ರಿ!" ಅತ್ತೆ ಕೂಗಿಕೊಂಡರು. ಆಮೇಲೆ ಅಲ್ಲೇ ಕುಳಿತು, ಕಲ್ಲುಗಳ ಸಂದಿಯಲ್ಲಿ ಬಿದ್ದ ಮಣ್ಣನ್ನು ಬೆರಳ ತುದಿಯಿಂದ ಆರಿಸಿ ಆರಿಸಿ ಚೀಲಕ್ಕೆ ಹಾಕತೊಡಗಿದರು.